ಪಾರುಮಾಡುವ ನೆಪದಲ್ಲಿ ಕೊಲೆ: ಆಕ್ರಮಿತ ಪ್ಯಾರಿಸ್‌ನ ಡಾ. ಪೆತಿಯೊ ಪ್ರಕರಣ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪ್ಯಾರಿಸ್ ನಗರದಲ್ಲಿ ಒಬ್ಬ ವೈದ್ಯ, ದೇಶ ಬಿಟ್ಟು ಪಾರಾಗಲು ಬಯಸಿದವರಿಗೆ ಸುರಕ್ಷಿತ ಹಾದಿ ತೋರಿಸುವುದಾಗಿ ನಂಬಿಸಿ, ಅವರನ್ನು ತನ್ನ ಮನೆಗೆ ಕರೆಸಿಕೊಂಡು ಕೊಂದು, ಅವರ ಹಣ-ಒಡವೆಗಳನ್ನು ದೋಚಿದನು. ಆತನೇ ಡಾ. ಮಾರ್ಸೆಲ್ ಪೆತಿಯೊ. 1946ರಲ್ಲಿ ಪ್ಯಾರಿಸ್‌ನ ನ್ಯಾಯಾಲಯ 26 ಕೊಲೆಗಳಿಗೆ ಆತನೇ ಹೊಣೆ ಎಂದು ತೀರ್ಪಿತ್ತು ಮರಣದಂಡನೆ ವಿಧಿಸಿತು. ಕೊಲೆಯಾದವರ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರಬೇಕೆಂಬುದು ಪ್ರಕರಣವನ್ನು ಅಭ್ಯಸಿಸಿದ ಅನೇಕರ ಅಭಿಪ್ರಾಯ.

ಸಂಖ್ಯೆಯ ದೃಷ್ಟಿಯಿಂದ ಮಾತ್ರ ನೋಡಿದರೆ ಈ ಪ್ರಕರಣದ ತಿರುಳು ಕೈತಪ್ಪುತ್ತದೆ. 1942ರ ಆರಂಭದಿಂದ 1943ರ ಮೇ ತಿಂಗಳವರೆಗೆ ಒಂದೇ ನಗರದಲ್ಲಿ, ಒಬ್ಬನೇ ವ್ಯಕ್ತಿಯನ್ನು ಕಾಣಲು ಹೋದ ಹತ್ತಾರು ಮಂದಿ ಮರಳಿ ಬರಲಿಲ್ಲ. ಆದರೂ ಅವರನ್ನು ಹುಡುಕಿಕೊಂಡು ಆತನ ಮನೆ ಬಾಗಿಲಿಗೆ ಯಾರೂ ಹೋಗಲಿಲ್ಲ. ಅವರು ಕಾಣೆಯಾಗಬೇಕೆಂಬುದೇ ಅವರ ಬಂಧುಗಳ ಹಾರೈಕೆಯಾಗಿತ್ತು. ಕಾಣೆಯಾದರೆ ಉಳಿದರು ಎಂದು ನಂಬಬೇಕಾದ ಪರಿಸ್ಥಿತಿಯನ್ನು ಆಕ್ರಮಣಕಾರರು ನಿರ್ಮಿಸಿದ್ದರು. ಪೆತಿಯೊ ಅದನ್ನು ತನ್ನ ಕಸುಬಿಗೆ ಬಂಡವಾಳವಾಗಿಸಿಕೊಂಡನು.

ವೈದ್ಯ, ಮೇಯರ್, ಕಳ್ಳ

ಮಾರ್ಸೆಲ್ ಪೆತಿಯೊ ಜನಿಸಿದ್ದು 1897ರ ಜನವರಿ 17ರಂದು, ಫ್ರಾನ್ಸ್‌ನ ಯೊನ್ ಪ್ರಾಂತದ ಓಸೇರ್ ಪಟ್ಟಣದಲ್ಲಿ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಆತ 1917ರಲ್ಲಿ ಏನ್ ನದಿಯ ಬಳಿಯ ಕದನದಲ್ಲಿ ಗಾಯಗೊಂಡು ವಿಷಾನಿಲದ ಬಾಧೆಗೂ ಒಳಗಾದನು. ಬಳಿಕ ಸೇನೆಯ ಕಂಬಳಿಗಳನ್ನು ಕದ್ದ ಆರೋಪ ಬಂದಿತು. ಮಾನಸಿಕ ಅಸ್ವಸ್ಥತೆಯ ಕಾರಣ ಚಿಕಿತ್ಸಾಲಯದಲ್ಲಿ ಇರಿಸಲಾಯಿತು. ಮತ್ತೆ ರಣರಂಗಕ್ಕೆ ಕಳುಹಿಸಿದಾಗ ತನ್ನ ಕಾಲಿಗೆ ತಾನೇ ಗುಂಡು ಹೊಡೆದುಕೊಂಡನು. ಕೊನೆಗೆ ಮಾನಸಿಕ ಕಾರಣಗಳ ಮೇಲೆ ಅಂಗವೈಕಲ್ಯ ಪಿಂಚಣಿಯೊಡನೆ ಸೇನೆಯಿಂದ ಬಿಡುಗಡೆ ದೊರೆಯಿತು.

ಮಾಜಿ ಸೈನಿಕರಿಗಾಗಿ ಏರ್ಪಡಿಸಿದ್ದ ಅಲ್ಪಾವಧಿಯ ವೈದ್ಯಕೀಯ ಶಿಕ್ಷಣದ ಸೌಲಭ್ಯ ಪಡೆದು ಪೆತಿಯೊ 1921ರಲ್ಲಿ ವೈದ್ಯ ಪದವಿ ಗಳಿಸಿದನು. ವಿಲ್‌ನೆವ್-ಸುರ್-ಯೊನ್ ಎಂಬ ಸಣ್ಣ ಊರಿನಲ್ಲಿ ಔಷಧಾಲಯ ತೆರೆದನು. ಬಡ ರೋಗಿಗಳ ಶುಶ್ರೂಷೆಗೆ ಸರ್ಕಾರ ಕೊಡುತ್ತಿದ್ದ ನೆರವನ್ನೂ ರೋಗಿಗಳಿಂದ ಶುಲ್ಕವನ್ನೂ ಒಟ್ಟಿಗೇ ಪಡೆಯುತ್ತಿದ್ದನೆಂಬ ದೂರುಗಳಿದ್ದವು. ಹಾಗಿದ್ದೂ ಊರಿನಲ್ಲಿ ಆತನಿಗೆ ಜನಪ್ರಿಯತೆಗೆ ಕೊರತೆಯಿರಲಿಲ್ಲ. 1926ರಲ್ಲಿ ಆತನೊಡನೆ ಸಂಬಂಧ ಹೊಂದಿದ್ದ ಯುವತಿಯೊಬ್ಬಳು ಕಾಣೆಯಾದಳು. ಆ ಸಮಯದಲ್ಲಿ ಪೆತಿಯೊ ದೊಡ್ಡ ಪೆಟ್ಟಿಗೆಯೊಂದನ್ನು ಕಾರಿಗೆ ಏರಿಸಿದ್ದನ್ನು ಕಂಡೆವೆಂದು ನೆರೆಯವರು ಹೇಳಿದರು. ಪೊಲೀಸರು ಆಕೆ ಊರು ಬಿಟ್ಟು ಓಡಿಹೋಗಿರಬೇಕೆಂದು ತೀರ್ಮಾನಿಸಿ ಕಡತ ಮುಚ್ಚಿದರು. ಅದೇ ವರ್ಷ ನಡೆದ ಚುನಾವಣೆಯಲ್ಲಿ ಪೆತಿಯೊ ಆ ಊರಿನ ಮೇಯರ್ ಆದನು.

ಮೇಯರ್ ಪದವಿಯಲ್ಲಿದ್ದಾಗ ಪುರಸಭೆಯ ಹಣ ದುರ್ಬಳಕೆಯ ದೂರುಗಳು ಬೆನ್ನು ಹತ್ತಿದವು. 1931ರಲ್ಲಿ ಹುದ್ದೆ ಕೈಬಿಟ್ಟಿತು. ಅದೇ ವರ್ಷ ಪ್ರಾಂತದ ಪರಿಷತ್ತಿಗೆ ಆಯ್ಕೆಯಾದರೂ, ವಿದ್ಯುತ್ ಕಳವಿನ ಪ್ರಕರಣದಲ್ಲಿ ಶಿಕ್ಷೆಯಾದ್ದರಿಂದ ಆ ಸ್ಥಾನವೂ ಉಳಿಯಲಿಲ್ಲ. 1933ರಲ್ಲಿ ಹೆಂಡತಿ ಮತ್ತು ಮಗನೊಂದಿಗೆ ಪ್ಯಾರಿಸ್ ಸೇರಿ ಕೊಮಾರ್ತಾಂ ಬೀದಿಯ 66ನೆಯ ಸಂಖ್ಯೆಯ ಕಟ್ಟಡದಲ್ಲಿ ವೈದ್ಯ ವೃತ್ತಿ ಆರಂಭಿಸಿದನು. 1936ರಲ್ಲಿ ಪುಸ್ತಕದಂಗಡಿಯೊಂದರಲ್ಲಿ ಕಳವು ಮಾಡಿ ಸಿಕ್ಕಿಬಿದ್ದು ಕೆಲಕಾಲ ಮಾನಸಿಕ ಚಿಕಿತ್ಸಾಲಯದಲ್ಲಿ ಇರಬೇಕಾಯಿತು. ಆದರೆ ವೈದ್ಯ ಪರವಾನಗಿ ಮಾತ್ರ ರದ್ದಾಗಲಿಲ್ಲ. ಪ್ರತಿ ಬಾರಿಯೂ ಒಂದು ಸಣ್ಣ ಅಪರಾಧ, ಅದಕ್ಕೆ ತಕ್ಕ ಸಣ್ಣ ಶಿಕ್ಷೆ, ಬಳಿಕ ಮತ್ತೆ ಅದೇ ಗೌರವಾನ್ವಿತ ವೃತ್ತಿ ಎಂಬ ಕ್ರಮ ಯುದ್ಧಕ್ಕೆ ಮುಂಚೆಯೇ ರೂಢಿಯಾಗಿಹೋಗಿತ್ತು.

ಆಕ್ರಮಿತ ನಗರದ ಸ್ಥಿತಿ

1940ರ ಜೂನ್ 14ರಂದು ಜರ್ಮನ್ ಸೇನೆ ಪ್ಯಾರಿಸ್ ಪ್ರವೇಶಿಸಿತು. ನಗರದಲ್ಲಿ ರಾತ್ರಿ ಸಂಚಾರ ನಿರ್ಬಂಧ ಜಾರಿಗೆ ಬಂದಿತು. ಆಹಾರಕ್ಕೂ ಕಲ್ಲಿದ್ದಲಿಗೂ ಪಡಿತರ ಚೀಟಿ ಬೇಕಾಯಿತು. ಪೆಟ್ರೋಲ್ ಇಲ್ಲದೆ ಜನ ಸೈಕಲ್ ಮೊರೆಹೊಕ್ಕರು. ಫ್ರೆಂಚ್ ಪೊಲೀಸರು ಹಳೆಯ ಕಚೇರಿಗಳಲ್ಲೇ ಕೆಲಸ ಮುಂದುವರಿಸಿದರು. ಆದರೆ ಅವರ ಮೇಲೆ ಜರ್ಮನ್ ಅಧಿಕಾರಿಗಳ ಅಂಕೆಯಿತ್ತು. ಜರ್ಮನ್ ಗುಪ್ತ ಪೊಲೀಸ್ ವ್ಯವಸ್ಥೆಯಾದ ಗೆಸ್ಟಾಪೊ ಹಾಗೂ ಅದರ ಪರವಾಗಿ ದುಡಿಯುತ್ತಿದ್ದ ಫ್ರೆಂಚ್ ಪಾತಕಿಗಳ ತಂಡಗಳು ತಮಗೆ ಬೇಕಾದವರನ್ನು ಹಗಲಿನಲ್ಲೇ ಎಳೆದೊಯ್ಯುತ್ತಿದ್ದವು. ಅಂಥವರು ಎಲ್ಲಿದ್ದಾರೆಂದು ಕೇಳುವುದೇ ಅಪಾಯವಾಗಿತ್ತು.

ಯೆಹೂದಿಗಳ ಮೇಲಿನ ಒತ್ತಡ ಹಂತಹಂತವಾಗಿ ಬಿಗಿಯಾಯಿತು. 1940ರ ಶರತ್ಕಾಲದಲ್ಲಿ ಅವರ ಹೆಸರುಗಳ ನೋಂದಣಿ ನಡೆಯಿತು. ವೃತ್ತಿ ಮತ್ತು ಆಸ್ತಿಯ ಮೇಲೆ ನಿರ್ಬಂಧಗಳು ಬಂದವು. 1942ರ ಜೂನ್‌ನಿಂದ ಉಡುಪಿನ ಮೇಲೆ ಹಳದಿ ನಕ್ಷತ್ರ ಧರಿಸುವುದು ಕಡ್ಡಾಯವಾಯಿತು. ಅದೇ ವರ್ಷ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಸುತ್ತಮುತ್ತ ಫ್ರೆಂಚ್ ಪೊಲೀಸರೇ ಸುಮಾರು 13,000 ಯೆಹೂದಿಗಳನ್ನು ಬಂಧಿಸಿದರು. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳಿದ್ದರು. ಯುದ್ಧ ಮುಗಿಯುವ ವೇಳೆಗೆ ಫ್ರಾನ್ಸ್‌ನಿಂದ ಸುಮಾರು 76,000 ಯೆಹೂದಿಗಳನ್ನು ಪೂರ್ವದ ಶಿಬಿರಗಳಿಗೆ ಸಾಗಿಸಲಾಗಿತ್ತು. ಮರಳಿ ಬಂದವರು ಅವರಲ್ಲಿ ಅತ್ಯಲ್ಪ.

ಇಂಥ ನಗರದಲ್ಲಿ ಗಡಿ ದಾಟಿಸುವ ಗುಪ್ತ ಜಾಲಗಳು ಹುಟ್ಟಿಕೊಂಡದ್ದು ಸಹಜ. ಬೆಲ್ಜಿಯಂನ ಯುವತಿ ಆಂದ್ರೆ ದ ಯೊಂಗ್ 1941ರಲ್ಲಿ ಕಟ್ಟಿದ ‘ಕಾಮೆಟ್’ ಜಾಲ, ಬ್ರಸೆಲ್ಸ್‌ನಿಂದ ಪ್ಯಾರಿಸ್ ಮಾರ್ಗವಾಗಿ ಪಿರನೀಸ್ ಪರ್ವತ ದಾಟಿಸಿ ಸ್ಪೇನ್‌ಗೆ ಮಿತ್ರಪಕ್ಷಗಳ ನೂರಾರು ಸೈನಿಕರನ್ನು ತಲುಪಿಸಿತು. ಈ ಜಾಲಗಳ ನಿಯಮಗಳು ಸರಳವಾಗಿದ್ದವು: ನಿಜ ಹೆಸರು ಕೇಳಬಾರದು, ಮುಂದಿನ ಕೊಂಡಿ ಯಾರೆಂದು ತಿಳಿದುಕೊಳ್ಳಬಾರದು, ಹೊರಟವರ ಸುದ್ದಿ ಯಾರಿಗೂ ಹೇಳಬಾರದು. ಬೆಟ್ಟ ದಾಟಿಸುವ ಮಾರ್ಗದರ್ಶಿಗಳಿಗೆ ಹಣ ಕೊಡುವ ವಾಡಿಕೆಯೂ ಇತ್ತು. ಹೀಗಾಗಿ ಯಾರಾದರೂ ಹಣ ಕೇಳಿದರೆ, ಗುಟ್ಟು ಕಾಪಾಡಲು ಹೇಳಿದರೆ, ಅದರಿಂದ ಸಂಶಯ ಹುಟ್ಟುತ್ತಿರಲಿಲ್ಲ. ವ್ಯವಸ್ಥೆ ಅಸಲಿಯೆಂಬ ನಂಬಿಕೆಯೇ ಬಲವಾಗುತ್ತಿತ್ತು.

‘ಡಾ. ಯೂಜೀನ್’ ಜಾಲ

1941ರಲ್ಲಿ ಪೆತಿಯೊ ಪ್ಯಾರಿಸ್‌ನ ಸಿರಿವಂತರ ಬಡಾವಣೆಯಾದ ಹದಿನಾರನೆಯ ವಿಭಾಗದಲ್ಲಿ, ಲ ಸ್ಯೂರ್ ಬೀದಿಯ 21ನೆಯ ಸಂಖ್ಯೆಯ ದೊಡ್ಡ ಮನೆಯನ್ನು ಕೊಂಡನು. ವಿಜಯ ಕಮಾನಿನಿಂದ ಅದು ಹೆಚ್ಚು ದೂರವಿರಲಿಲ್ಲ. ನೆರೆಮನೆಯವರಿಗೆ ಒಳಗಿನದು ಕಾಣದಂತೆ ಅಂಗಳದ ಗೋಡೆಯನ್ನು ಎತ್ತರಿಸಲಾಯಿತು. ಒಳಗೆ ತ್ರಿಕೋನಾಕಾರದ ಸಣ್ಣ ಕೋಣೆಯೊಂದನ್ನು ಕಟ್ಟಿಸಲಾಯಿತು. ಅದರ ಗೋಡೆಯಲ್ಲಿ ಹೊರಗಿನಿಂದ ಒಳಗಿರುವವರನ್ನು ನೋಡಲು ಗಾಜಿನ ಕಿಂಡಿಯಿತ್ತು. ಎದುರಿಗೆ ಎಲ್ಲಿಗೂ ತೆರೆಯದ ಹುಸಿ ಬಾಗಿಲಿತ್ತು.

ಅರ್ಜೆಂಟೀನಾಕ್ಕೆ ಕಳುಹಿಸುವ ಗುಪ್ತ ಮಾರ್ಗ ತನ್ನಲ್ಲಿದೆಯೆಂದು ಆತ ಪ್ರಚಾರ ಮಾಡಿಸಿದನು. ಈ ಕೆಲಸದಲ್ಲಿ ಆತನ ಹೆಸರು ‘ಡಾ. ಯೂಜೀನ್’. ತಲೆಗೆ 25,000 ಫ್ರಾಂಕ್ ಶುಲ್ಕ. ಕ್ಷೌರದಂಗಡಿಯ ಮಾಲೀಕನೊಬ್ಬ ಮತ್ತು ರಂಗಭೂಮಿಯಲ್ಲಿ ಪ್ರಸಾಧನದ ಕೆಲಸ ಮಾಡುತ್ತಿದ್ದವನೊಬ್ಬ ಗಿರಾಕಿಗಳನ್ನು ಕರೆತರುವ ಮಧ್ಯವರ್ತಿಗಳಾಗಿದ್ದರು. ಹೊರಡುವವರು ಬೆಲೆಬಾಳುವ ವಸ್ತುಗಳನ್ನೆಲ್ಲ ಜೊತೆಯಲ್ಲೇ ತರಬೇಕು, ಪ್ರಯಾಣದ ವಿಷಯ ಗುಟ್ಟಾಗಿಡಬೇಕು ಎಂಬ ಷರತ್ತುಗಳಿದ್ದವು. ವಿದೇಶ ಪ್ರವೇಶಕ್ಕೆ ರೋಗನಿರೋಧಕ ಚುಚ್ಚುಮದ್ದು ಅಗತ್ಯವೆಂದೂ ತಿಳಿಸಲಾಗುತ್ತಿತ್ತು. ಹೇಳುವವನು ವೈದ್ಯನಾದ್ದರಿಂದ ತೋಳು ಒಡ್ಡಲು ಯಾರೂ ಹಿಂಜರಿಯುವಂತಿರಲಿಲ್ಲ. ಆ ಸೂಜಿಯಲ್ಲಿ ವಿಷವಿತ್ತೆಂಬ ಊಹೆ ವ್ಯಾಪಕವಾಗಿದ್ದರೂ, ಕೊಲೆಯ ವಿಧಾನ ಯಾವುದೆಂದು ವಿಧಿವಿಜ್ಞಾನ ಪರೀಕ್ಷೆಯಿಂದ ಖಚಿತವಾಗಲಿಲ್ಲ.

ಈ ಮನೆಗೆ ಹೋದವರಲ್ಲಿ ಮೊದಲಿಗನೆಂದು ಗುರುತಿಸಲಾದವನು ಯೋಆಕಿಮ್ ಗುಶಿನೋವ್ ಎಂಬ ತುಪ್ಪಳದ ಉಡುಪುಗಳ ವ್ಯಾಪಾರಿ. ಪೋಲೆಂಡ್ ಮೂಲದ ಈ ಯೆಹೂದಿ ಪೆತಿಯೊನ ರೋಗಿಯೂ ನೆರೆಯವನೂ ಆಗಿದ್ದನು. 1942ರ ಜನವರಿ ಆರಂಭದಲ್ಲಿ ಹಣ ಮತ್ತು ಒಡವೆಗಳೊಂದಿಗೆ ಹೊರಟನು. ಕೆಲಕಾಲದ ನಂತರ ಆತನ ಹೆಂಡತಿಗೆ, ಗಂಡ ಸುರಕ್ಷಿತವಾಗಿ ದಕ್ಷಿಣ ಅಮೆರಿಕ ತಲುಪಿದ್ದಾನೆ, ನೀವೂ ಹೋಗಬಹುದು ಎಂದು ಪೆತಿಯೊ ತಿಳಿಸಿದನು. ಆಕೆ ಹೋಗಲಿಲ್ಲ, ಆದ್ದರಿಂದಲೇ ಉಳಿದಳು ಮತ್ತು ಮುಂದೆ ಸಾಕ್ಷಿ ಹೇಳಿದಳು.

1942ರ ಜೂನ್‌ನಲ್ಲಿ ಪಾಲ್ ಬ್ರೌನ್‌ಬರ್ಗರ್ ಎಂಬ ಹಿರಿಯ ಯೆಹೂದಿ ವೈದ್ಯರು ರೋಗಿಯೊಬ್ಬರನ್ನು ನೋಡಲು ಕರೆ ಬಂದಿದೆಯೆಂದು ಮನೆಯಿಂದ ಹೊರಟವರು ಮರಳಲಿಲ್ಲ. ಜುಲೈನ ಸಾಮೂಹಿಕ ಬಂಧನದಿಂದ ತಪ್ಪಿಸಿಕೊಂಡಿದ್ದ ಕ್ನೆಲ್ಲರ್ ಕುಟುಂಬ, ಅಂದರೆ ಗಂಡ, ಹೆಂಡತಿ ಮತ್ತು ಅವರ ಪುಟ್ಟ ಮಗ ರೆನೆ, ಅದೇ ತಿಂಗಳು ಪೆತಿಯೊನನ್ನು ನಂಬಿ ಹೊರಟರು. ನಾಜಿಗಳ ಕಾಟ ತಾಳದೆ ಜರ್ಮನಿ ತೊರೆದು ಫ್ರಾನ್ಸ್‌ನಲ್ಲಿ ಆಶ್ರಯ ಪಡೆದಿದ್ದ ಕುಟುಂಬವದು. ಕ್ಷೇಮವಾಗಿದ್ದೇವೆ ಎಂಬ ಒಕ್ಕಣೆಯ ಕಾರ್ಡುಗಳು ಅವರ ಪರಿಚಿತರಿಗೆ ತಲುಪಿದವು.

ಕೊಲೆಯಾದವರೆಲ್ಲ ಯೆಹೂದಿಗಳೇ ಆಗಿರಲಿಲ್ಲ. ಜರ್ಮನ್ನರ ಪರ ಕೆಲಸ ಮಾಡಿ ಬಳಿಕ ತಮ್ಮ ತಂಡಕ್ಕೇ ಹೆದರಿ ಓಡಿಹೋಗಲು ಬಯಸಿದ ಪಾತಕಿಗಳು ಮತ್ತು ಅವರ ಸಂಗಾತಿ ಸ್ತ್ರೀಯರು ಕೂಡ ಈ ಮನೆಗೆ ಬಂದವರೇ. ಪೆತಿಯೊನ ಮೇಲೆ ಮಾದಕ ವಸ್ತುಗಳನ್ನು ಅಕ್ರಮವಾಗಿ ಬರೆದುಕೊಟ್ಟ ಮೊಕದ್ದಮೆಗಳೂ ನಡೆದಿದ್ದವು. 1942ರಲ್ಲಿ ಆ ಮೊಕದ್ದಮೆಗಳಿಗೆ ಸಂಬಂಧಿಸಿದ ಇಬ್ಬರು ಕಾಣೆಯಾದರು. ಆತನಿಗೆ ದಂಡ ಮಾತ್ರ ಬಿತ್ತು. ಈ ಮೂರೂ ಗುಂಪಿನವರಿಗೆ ಒಂದು ಸಾಮ್ಯವಿತ್ತು. ಅವರು ಕಾಣೆಯಾದಾಗ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ, ನಮ್ಮವರನ್ನು ಹುಡುಕಿಕೊಡಿ ಎಂದು ಪಟ್ಟುಹಿಡಿಯುವ ಸ್ಥಿತಿ ಅವರ ಕಡೆಯವರಿಗೆ ಇರಲಿಲ್ಲ, ಅಥವಾ ಹಾಗೆ ಕೇಳಿದರೂ ಕಿವಿಗೊಡುವವರಿರಲಿಲ್ಲ.

ಗೆಸ್ಟಾಪೊ ಬಲೆಯಲ್ಲಿ

ಪಲಾಯನ ಜಾಲದ ಸುಳಿವು 1943ರ ವಸಂತದಲ್ಲಿ ಗೆಸ್ಟಾಪೊಗೆ ಸಿಕ್ಕಿತು. ಇದು ನಿಜವಾದ ಪ್ರತಿರೋಧ ಜಾಲವೆಂದೇ ಅದು ತಿಳಿಯಿತು. ಬಂಧನದಲ್ಲಿದ್ದ ಇವಾನ್ ಡ್ರೇಫಸ್ ಎಂಬ ಯೆಹೂದಿ ಉದ್ಯಮಿಯ ಬಿಡುಗಡೆಗೆ ಆತನ ಕುಟುಂಬದಿಂದ ದೊಡ್ಡ ಮೊತ್ತ ಪಡೆದು, ಜಾಲದೊಳಗೆ ನುಸುಳಿ ಮಾಹಿತಿ ತರಬೇಕೆಂಬ ಬಲವಂತದ ಷರತ್ತಿನ ಮೇಲೆ ಆತನನ್ನು ಹೊರಗೆ ಬಿಟ್ಟಿತು. ಡ್ರೇಫಸ್ ‘ಡಾ. ಯೂಜೀನ್’ನನ್ನು ಕಾಣಲು ಹೋದನು. ಅಲ್ಲಿಗೆ ಆತನ ಸುದ್ದಿ ನಿಂತಿತು. ಗೆಸ್ಟಾಪೊ ಇನ್ನೊಬ್ಬ ಬೇಹುಗಾರನನ್ನು ಕಳುಹಿಸಿ ಮಧ್ಯವರ್ತಿಗಳನ್ನು ಹಿಡಿಯಿತು. ಅವರ ಮೂಲಕ ಪೆತಿಯೊನ ಹೆಸರು ಹೊರಬಿತ್ತು. 1943ರ ಮೇ ತಿಂಗಳಲ್ಲಿ ಆತನ ಬಂಧನವಾಯಿತು.

ಫ್ರೆನ್ ಸೆರೆಮನೆಯಲ್ಲಿ ಸುಮಾರು ಎಂಟು ತಿಂಗಳು ಚಿತ್ರಹಿಂಸೆ ಅನುಭವಿಸಿದರೂ ಪೆತಿಯೊ ಜಾಲದ ಇತರರ ಹೆಸರು ಹೇಳಲಿಲ್ಲ. ಹೇಳಲು ಜಾಲವೇ ಇರಲಿಲ್ಲ. ಗೆಸ್ಟಾಪೊ ಹುಡುಕುತ್ತಿದ್ದದ್ದು ತಪ್ಪಿಸಿಕೊಂಡವರನ್ನು. ಲ ಸ್ಯೂರ್ ಬೀದಿಯ ಮನೆಯೊಳಗೆ ಏನಿದೆಯೆಂದು ಅದು ನೋಡಲೇ ಇಲ್ಲ. 1944ರ ಜನವರಿಯಲ್ಲಿ ಆತನ ತಮ್ಮ ಮಾರಿಸ್ 1,00,000 ಫ್ರಾಂಕ್ ತೆತ್ತ ಮೇಲೆ ಬಿಡುಗಡೆಯಾಯಿತು. ಈ ಸೆರೆವಾಸವೇ ಮುಂದೆ ಪೆತಿಯೊಗೆ ದೇಶಪ್ರೇಮದ ಪ್ರಮಾಣಪತ್ರದಂತೆ ಒದಗಿಬಂದಿತು.

ಹೊಗೆ ಬಯಲಿಗೆಳೆದ ಸತ್ಯ

1944ರ ಮಾರ್ಚ್ 11ರಂದು ಲ ಸ್ಯೂರ್ ಬೀದಿಯ ನಿವಾಸಿಗಳು, ಕೆಲವು ದಿನಗಳಿಂದ 21ನೆಯ ಮನೆಯ ಹೊಗೆಗೂಡಿನಿಂದ ಅಸಹ್ಯ ವಾಸನೆಯ ಹೊಗೆ ಬರುತ್ತಿದೆಯೆಂದು ಪೊಲೀಸರಿಗೆ ದೂರಿದರು. ಬಂದ ಇಬ್ಬರು ಪೊಲೀಸರಿಗೆ ಬಾಗಿಲ ಮೇಲೆ, ಮನೆಯವರು ಒಂದು ತಿಂಗಳು ಊರಿನಲ್ಲಿಲ್ಲ ಎಂಬ ಚೀಟಿ ಕಂಡಿತು. ದೂರವಾಣಿಯಲ್ಲಿ ಸಂಪರ್ಕಿಸಿದಾಗ ಪೆತಿಯೊ, ಹದಿನೈದು ನಿಮಿಷದಲ್ಲಿ ಬರುತ್ತೇನೆ, ಅಲ್ಲಿಯವರೆಗೆ ಏನೂ ಮಾಡಬೇಡಿ ಎಂದನು. ಅರ್ಧ ಗಂಟೆ ಕಳೆದರೂ ಆತ ಬರಲಿಲ್ಲ. ಹೊಗೆ ಹೆಚ್ಚಾದಾಗ ಅಗ್ನಿಶಾಮಕ ಸಿಬ್ಬಂದಿಯನ್ನು ಕರೆಸಲಾಯಿತು. ಅವರು ಕಿಟಕಿಯ ಮೂಲಕ ಒಳಹೊಕ್ಕು ನೆಲಮಾಳಿಗೆಗೆ ಇಳಿದರು. ಕಲ್ಲಿದ್ದಲಿನ ದೊಡ್ಡ ಒಲೆಯಲ್ಲಿ ಮನುಷ್ಯರ ಅವಶೇಷಗಳು ಉರಿಯುತ್ತಿದ್ದವು. ಹಿಂಭಾಗದ ಹಳೆಯ ಕುದುರೆ ಲಾಯದ ಗುಂಡಿಯಲ್ಲಿ ಸುಟ್ಟ ಸುಣ್ಣದ ನಡುವೆ ಇನ್ನಷ್ಟು ದೇಹಭಾಗಗಳು ದೊರೆತವು.

ಇದೇ ಸಮಯಕ್ಕೆ ಒಬ್ಬ ವ್ಯಕ್ತಿ ಸೈಕಲ್‌ನಲ್ಲಿ ಬಂದು, ತಾನು ಮನೆಯ ಮಾಲೀಕನ ತಮ್ಮನೆಂದು ಪರಿಚಯಿಸಿಕೊಂಡನು. ನೀವು ದೇಶಭಕ್ತ ಫ್ರೆಂಚರೇ ಎಂದು ಪೊಲೀಸರನ್ನು ಕೇಳಿ, ಇವು ಜರ್ಮನ್ನರ ಮತ್ತು ದೇಶದ್ರೋಹಿಗಳ ಶವಗಳು, ತಾನು ಪ್ರತಿರೋಧ ಸಂಘಟನೆಯವನು, ಗೆಸ್ಟಾಪೊ ಬರುವ ಮೊದಲು ಕಾಗದಪತ್ರ ನಾಶಪಡಿಸಬೇಕು ಎಂದು ದನಿ ತಗ್ಗಿಸಿ ಹೇಳಿದನು. ಪೊಲೀಸರು ಆತನನ್ನು ಹೋಗಲು ಬಿಟ್ಟರು. ಆತನೇ ಪೆತಿಯೊ.

ಆ ಪೊಲೀಸರನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ. ಆದರೆ 1944ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಸಾಮಾನ್ಯ ಪೊಲೀಸನ ಮುಂದೆ ಎರಡು ಸಾಧ್ಯತೆಗಳಿದ್ದವು. ಆತ ಹೇಳಿದ್ದು ನಿಜವಾಗಿದ್ದು ತಾವು ಬಂಧಿಸಿದರೆ, ಒಬ್ಬ ದೇಶಭಕ್ತನನ್ನು ಶತ್ರುವಿನ ಕೈಗೆ ಒಪ್ಪಿಸಿದಂತಾಗುತ್ತಿತ್ತು. ಸುಳ್ಳಾಗಿದ್ದು ಬಿಟ್ಟರೆ, ಕೊಲೆಗಡುಕ ಪಾರಾಗುತ್ತಿದ್ದನು. ಕಣ್ಣೆದುರಿನ ಶವಗಳು ಯಾರವೆಂದು ತಿಳಿಯುವ ದಾರಿ ಆಗ ಇರಲಿಲ್ಲ. ತಮ್ಮ ಸರ್ಕಾರವನ್ನೇ ನಂಬಲಾಗದ ಪೊಲೀಸರಿಗೆ ಕೊಲೆ ಯಾವುದು, ಯುದ್ಧ ಯಾವುದು ಎಂದು ಬೇರ್ಪಡಿಸುವ ಮಾನದಂಡವೇ ಕಳೆದುಹೋಗಿತ್ತು.

ಮಸ್ಸು ಅವರ ತನಿಖೆ

ತನಿಖೆಯ ಹೊಣೆ ಹೊತ್ತವರು ಅಪರಾಧ ದಳದ ಮುಖ್ಯಸ್ಥ ಜಾರ್ಜ್ ಮಸ್ಸು. ಪತ್ತೇದಾರಿ ಕಾದಂಬರಿಕಾರ ಜಾರ್ಜ್ ಸಿಮೆನಾಂ ತಮ್ಮ ಪ್ರಸಿದ್ಧ ಪಾತ್ರವಾದ ಮೇಗ್ರೆಗೆ ಮಾದರಿಯಾಗಿ ಬಳಸಿಕೊಂಡ ಅಧಿಕಾರಿಗಳಲ್ಲಿ ಇವರೂ ಒಬ್ಬರೆಂದು ಹೇಳಲಾಗುತ್ತದೆ. ಪೆತಿಯೊ ಅಪಾಯಕಾರಿ ಹುಚ್ಚ, ಬಂಧಿಸಿ ಎಂಬ ಆದೇಶ ಜರ್ಮನ್ ಅಧಿಕಾರಿಗಳಿಂದ ಬಂದಾಗ ಫ್ರೆಂಚ್ ಪೊಲೀಸರ ಗೊಂದಲ ಮತ್ತಷ್ಟು ಹೆಚ್ಚಿತು. ಜರ್ಮನ್ನರಿಗೆ ಬೇಕಾದವನೆಂದರೆ ಅವರ ಶತ್ರುವಾಗಿರಬಹುದಲ್ಲವೇ ಎಂಬ ಅನುಮಾನ ಸಹಜವಾಗಿತ್ತು. ಕೊಮಾರ್ತಾಂ ಬೀದಿಯ ಮನೆಗೆ ಪೊಲೀಸರು ತಲುಪುವ ವೇಳೆಗೆ ಪೆತಿಯೊ ತಲೆಮರೆಸಿಕೊಂಡಿದ್ದನು.

ವಿಧಿವಿಜ್ಞಾನ ತಜ್ಞ ಡಾ. ಆಲ್ಬೇರ್ ಪಾಲ್ ಅವಶೇಷಗಳನ್ನು ಪರೀಕ್ಷಿಸಿ, ಅವು ಕನಿಷ್ಠ ಹತ್ತು ಮಂದಿಯವು ಎಂದು ಲೆಕ್ಕ ಹಾಕಿದರು. ಬೆಂಕಿ ಮತ್ತು ಸುಣ್ಣದಿಂದಾಗಿ ಸಾವಿನ ಕಾರಣ ಹೇಳಲು ಸಾಧ್ಯವಾಗಲಿಲ್ಲ. ಸುಣ್ಣ ಒದಗಿಸಿದ್ದು ತಾನೇ ಎಂದು ತಮ್ಮ ಮಾರಿಸ್ ಒಪ್ಪಿಕೊಂಡನು. ಯೊನ್ ಪ್ರಾಂತದ ಹಳ್ಳಿಯೊಂದರಲ್ಲಿ, ಮಾರಿಸ್‌ನ ಪರಿಚಿತನ ಮನೆಯಲ್ಲಿ ಬಚ್ಚಿಟ್ಟಿದ್ದ ನಲವತ್ತಕ್ಕೂ ಹೆಚ್ಚು ಸೂಟ್‌ಕೇಸ್‌ಗಳು ಪೊಲೀಸರಿಗೆ ದೊರೆತದ್ದು ತನಿಖೆಯ ಮಹತ್ವದ ತಿರುವು. ಅವುಗಳಲ್ಲಿ ಗಂಡಸರ, ಹೆಂಗಸರ ಉಡುಪುಗಳು, ಒಳವಸ್ತ್ರಗಳು, ದಿನಬಳಕೆಯ ವಸ್ತುಗಳಿದ್ದವು. ದೂರದ ಪ್ರಯಾಣಕ್ಕೆಂದು ಜೋಡಿಸಿಟ್ಟ ಬಟ್ಟೆಗಳವು. ಪುಟ್ಟ ಬಾಲಕನ ರಾತ್ರಿಯುಡುಪು ಕೂಡ ಅವುಗಳ ನಡುವೆ ಇತ್ತು. ಅದು ರೆನೆ ಕ್ನೆಲ್ಲರ್‌ನದೆಂದು ಗುರುತಿಸಲಾಯಿತು. ದೇಹಗಳು ಹೆಸರು ಹೇಳಲಾಗದ ಸ್ಥಿತಿಯಲ್ಲಿದ್ದಾಗ, ಕಾಣೆಯಾದವರಿಗೆ ಮತ್ತೆ ಹೆಸರು ಕೊಟ್ಟದ್ದು ಈ ಬಟ್ಟೆಗಳು.

ಕ್ರಾಂತಿಕಾರಿಯ ವೇಷ

1944ರ ಆಗಸ್ಟ್ 25ರಂದು ಪ್ಯಾರಿಸ್ ವಿಮೋಚನೆಗೊಂಡಿತು. ಅಲ್ಲಿಯವರೆಗೆ ಹಳೆಯ ರೋಗಿಯೊಬ್ಬನ ಮನೆಯಲ್ಲಿ ಅಡಗಿದ್ದ ಪೆತಿಯೊ ಗಡ್ಡ ಬೆಳೆಸಿ, ‘ಹೆನ್ರಿ ವಲೇರಿ’ ಎಂಬ ಹೆಸರಿನಲ್ಲಿ ಫ್ರೆಂಚ್ ಆಂತರಿಕ ಪಡೆಗಳನ್ನು ಸೇರಿ, ವಿಚಾರಣೆ ಮತ್ತು ಬೇಹುಗಾರಿಕೆ ತಡೆಯ ಹೊಣೆಯುಳ್ಳ ಕ್ಯಾಪ್ಟನ್ ಕೂಡ ಆದನು. ವಿಮೋಚನೆಯ ಗಡಿಬಿಡಿಯಲ್ಲಿ ಹೊಸಬರ ಪೂರ್ವಾಪರ ಪರಿಶೀಲಿಸುವವರಿರಲಿಲ್ಲ. ಇತ್ತ ತನಿಖಾಧಿಕಾರಿ ಮಸ್ಸು ಅವರೇ ಜರ್ಮನ್ನರೊಂದಿಗೆ ಸಹಕರಿಸಿದ ಆರೋಪದ ಮೇಲೆ ಬಂಧಿತರಾದರು, ಬಳಿಕ ಆರೋಪಮುಕ್ತರಾದರು. ಹುಡುಕುತ್ತಿದ್ದವರು ಸೆರೆಯಲ್ಲಿ, ಹುಡುಕಬೇಕಾದವನು ಸಮವಸ್ತ್ರದಲ್ಲಿ ಇದ್ದ ದಿನಗಳವು.

ಪತ್ರಿಕೆಗಳೂ ಪ್ರಕರಣವನ್ನು ತಮಗೆ ಬೇಕಾದಂತೆ ಬಳಸಿದವು. ಆಕ್ರಮಣ ಕಾಲದ ಪತ್ರಿಕೆಗಳು ಪೆತಿಯೊನನ್ನು ಜನರ ಗಮನ ಸೆಳೆಯುವ ರಾಕ್ಷಸನನ್ನಾಗಿ ಚಿತ್ರಿಸಿದ್ದವು. ವಿಮೋಚನೆಯ ನಂತರ, 1944ರ ಸೆಪ್ಟೆಂಬರ್‌ನಲ್ಲಿ ‘ರೆಸಿಸ್ತಾನ್ಸ್’ ಪತ್ರಿಕೆ ಆತನನ್ನು ಜರ್ಮನಿಯ ಸೈನಿಕನೆಂದು ಕರೆದು ಲೇಖನ ಪ್ರಕಟಿಸಿತು. ಬರೆದವರು ಜಾಕ್ ಯೊನ್ನೆ. ಇದನ್ನು ಸಹಿಸಲಾರದ ಪೆತಿಯೊ ಕೈಬರಹದ ಸುದೀರ್ಘ ಪ್ರತಿಕ್ರಿಯೆ ಕಳುಹಿಸಿದನು. ಇದರಿಂದ ಆತ ಪ್ಯಾರಿಸ್‌ನಲ್ಲೇ ಇದ್ದಾನೆ, ಬಹುಶಃ ಪ್ರತಿರೋಧ ಪಡೆಯ ಒಳಗೇ ಇದ್ದಾನೆ ಎಂಬುದು ಸ್ಪಷ್ಟವಾಯಿತು. ಅಕ್ಟೋಬರ್ 31ರಂದು ನಗರದ ಪೂರ್ವ ಅಂಚಿನ ಮೆಟ್ರೊ ನಿಲ್ದಾಣವೊಂದರಲ್ಲಿ ಆತನನ್ನು ಬಂಧಿಸಲಾಯಿತು.

ನ್ಯಾಯಾಲಯದಲ್ಲಿ

1946ರ ಮಾರ್ಚ್ 18ರಂದು ಪ್ಯಾರಿಸ್‌ನ ನ್ಯಾಯ ಭವನದಲ್ಲಿ ವಿಚಾರಣೆ ಆರಂಭವಾಯಿತು. ಆರೋಪ 27 ಕೊಲೆಗಳದು. ನ್ಯಾಯಪೀಠದ ಅಧ್ಯಕ್ಷರು ಮಾರ್ಸೆಲ್ ಲೆಸೇರ್. ಪೆತಿಯೊನ ಪರ ವಾದಿಸಿದವರು ಹೆಸರಾಂತ ವಕೀಲ ರೆನೆ ಫ್ಲೋರಿಯೊ. ನ್ಯಾಯಾಲಯದ ಸಭಾಂಗಣದಲ್ಲಿ ಸೂಟ್‌ಕೇಸ್‌ಗಳನ್ನು ರಾಶಿಯಾಗಿ ಪೇರಿಸಲಾಗಿತ್ತು. ಸೆರೆಯಲ್ಲಿದ್ದಾಗ ಜೂಜಿನಲ್ಲಿ ಗೆಲ್ಲುವ ಲೆಕ್ಕಾಚಾರದ ಕುರಿತು ಪುಸ್ತಕ ಬರೆದಿದ್ದ ಪೆತಿಯೊ ಅದರ ಪ್ರತಿಗಳಿಗೆ ಸಹಿ ಹಾಕಿಕೊಟ್ಟನು. ಪ್ರೇಕ್ಷಕರನ್ನು ನಗಿಸಿದನು, ವಕೀಲರನ್ನು ಕೆಣಕಿದನು.

ತಾನು ಒಟ್ಟು 63 ಮಂದಿಯನ್ನು ಕೊಂದದ್ದು ನಿಜ, ಆದರೆ ಎಲ್ಲರೂ ಫ್ರಾನ್ಸ್‌ನ ಶತ್ರುಗಳು ಎಂಬುದು ಆತನ ವಾದ. ಆರೋಪಪಟ್ಟಿಯಲ್ಲಿದ್ದ 27 ಮಂದಿಯಲ್ಲಿ 19 ಮಂದಿಯನ್ನು ಕೊಂದುದಾಗಿ ಒಪ್ಪಿ, ಅವರೆಲ್ಲ ಜರ್ಮನ್ನರು ಅಥವಾ ಅವರ ಸಹಾಯಕರು ಎಂದನು. ಉಳಿದವರು ದಕ್ಷಿಣ ಅಮೆರಿಕದಲ್ಲಿ ಹೊಸ ಹೆಸರುಗಳಲ್ಲಿ ಸುಖವಾಗಿದ್ದಾರೆಂದನು. ತಾನು ‘ಫ್ಲೈ-ಟಾಕ್ಸ್’ ಎಂಬ ಪ್ರತಿರೋಧ ತಂಡದ ನಾಯಕನೆಂದೂ ಹೇಳಿಕೊಂಡನು. ನೊಣ ಕೊಲ್ಲುವ ಔಷಧಿಯೊಂದರ ಹೆಸರು ಅದು. ಬೇಹುಗಾರರನ್ನು ನೊಣವೆಂದು ಕರೆಯುವ ಆಡುಮಾತಿನಿಂದ ಹೊಂದಿಸಿದ್ದು. ಅಂಥ ತಂಡವನ್ನು ಪ್ರತಿರೋಧ ಚಳವಳಿಯ ಯಾವ ಪ್ರಮುಖರೂ ಕಂಡಿರಲಿಲ್ಲ. ಡ್ರೇಫಸ್ ಕುಟುಂಬದ ವಕೀಲ ಪಿಯೇರ್ ವೆರಾಂ ಸ್ವತಃ ಪ್ರತಿರೋಧದಲ್ಲಿ ಭಾಗವಹಿಸಿದ್ದವರು. ಅಂದಿನ ಸ್ಫೋಟಕಗಳನ್ನು ಬಳಸುವ ಬಗೆ ಹೇಗೆಂದು ಅವರು ಕೇಳಿದಾಗ ಪೆತಿಯೊ ತಡವರಿಸಿದನು.

ಆತನ ವಾದವನ್ನು ನಿಜವಾಗಿ ಮುರಿದದ್ದು ಸಾಕ್ಷಿಕಟ್ಟೆ ಏರಿದ ಕುಟುಂಬಗಳು. ಬ್ರೌನ್‌ಬರ್ಗರ್ ಅವರ ಪತ್ನಿ ತಮ್ಮ ಪತಿಯ ಹ್ಯಾಟು ಮತ್ತು ಅಂಗಿಯನ್ನು ಗುರುತಿಸಿದರು. ಹಳದಿ ನಕ್ಷತ್ರ ಧರಿಸುವಂತೆ ಒತ್ತಾಯಿಸಲ್ಪಟ್ಟ ವೃದ್ಧ ವೈದ್ಯರೊಬ್ಬರು ಜರ್ಮನ್ನರ ಬೇಹುಗಾರರೆಂದು ನಂಬಿಸುವುದು ಯಾವ ವಕೀಲರಿಗೂ ಸಾಧ್ಯವಿರಲಿಲ್ಲ. ಬಾಲಕ ರೆನೆ ಕ್ನೆಲ್ಲರ್ ಯಾವ ದೇಶಕ್ಕೆ ದ್ರೋಹ ಬಗೆದಿದ್ದ ಎಂಬ ಪ್ರಶ್ನೆಗೂ ಉತ್ತರವಿರಲಿಲ್ಲ. ನ್ಯಾಯದರ್ಶಿಗಳು ಲ ಸ್ಯೂರ್ ಬೀದಿಯ ಮನೆಯನ್ನೂ ಖುದ್ದಾಗಿ ನೋಡಿ ಬಂದರು.

ಏಪ್ರಿಲ್ 4ರಂದು ಹೊರಬಿದ್ದ ತೀರ್ಪಿನಲ್ಲಿ 26 ಕೊಲೆಗಳು ಸಾಬೀತಾದವು. 1946ರ ಮೇ 25ರ ಮುಂಜಾನೆ ಲಾ ಸಾಂತೆ ಸೆರೆಮನೆಯ ಆವರಣದಲ್ಲಿ ಗಿಲೊಟಿನ್‌ನಿಂದ ಪೆತಿಯೊನ ಶಿರಚ್ಛೇದ ಮಾಡಲಾಯಿತು. ದೋಚಿದ ಸಂಪತ್ತಿನ ಬಹುಭಾಗ ಪತ್ತೆಯಾಗಲಿಲ್ಲ. ಸಹಚರರೆಂದು ಬಂಧಿತರಾಗಿದ್ದ ಯಾರ ಮೇಲೂ ಕೊಲೆಯ ವಿಚಾರಣೆ ನಡೆಯಲಿಲ್ಲ.

ಕತ್ತಲೆ ಮತ್ತು ಭರವಸೆ

ಯುದ್ಧಕಾಲದ ನಗರಗಳು ಬೇರೆಡೆಯೂ ಸರಣಿ ಕೊಲೆಗಾರರನ್ನು ಕಂಡಿವೆ. ವಿಮಾನ ದಾಳಿಯ ಭಯದಿಂದ ದೀಪಗಳನ್ನು ಆರಿಸಿದ್ದ ಬರ್ಲಿನ್‌ನಲ್ಲಿ ರೈಲ್ವೆ ನೌಕರ ಪಾಲ್ ಒಗೋರ್ಜೋವ್ 1940–41ರಲ್ಲಿ ಎಂಟು ಮಹಿಳೆಯರನ್ನು ಕೊಂದನು. ಲಂಡನ್‌ನಲ್ಲಿ 1942ರ ಫೆಬ್ರವರಿಯ ಕೆಲವೇ ದಿನಗಳಲ್ಲಿ ವಾಯುಪಡೆಯ ಗಾರ್ಡನ್ ಕಮಿನ್ಸ್ ನಾಲ್ವರನ್ನು ಬಲಿ ತೆಗೆದುಕೊಂಡನು. ಅವರಿಗೆ ಆಸರೆಯಾದದ್ದು ಬೀದಿಯ ಕತ್ತಲೆ. ಆದರೆ ಶವ ಸಿಕ್ಕಿತು, ಹುಡುಕಾಟ ನಡೆಯಿತು, ಅಪರಾಧಿ ಸಿಕ್ಕಿಬಿದ್ದನು. ಪೆತಿಯೊಗೆ ಕತ್ತಲೆ ಬೇಕಾಗಲಿಲ್ಲ. ಆತ ಬಲಿಗಳ ಬೆನ್ನಟ್ಟಿ ಹೋಗಲೂ ಇಲ್ಲ. ಅವರೇ ಹಣ ಹೊಂದಿಸಿಕೊಂಡು, ಬಟ್ಟೆ ಜೋಡಿಸಿಕೊಂಡು, ಕೃತಜ್ಞತೆಯಿಂದ ಆತನ ಮನೆಗೆ ಬಂದರು.

ಈ ಪ್ರಕರಣವನ್ನು ಕುರಿತು ಅನೇಕ ಪುಸ್ತಕಗಳು ಬಂದಿವೆ. 1990ರಲ್ಲಿ ಕ್ರಿಶ್ಚಿಯನ್ ದ ಶಲೊಂಜ್ ನಿರ್ದೇಶನದ ಚಲನಚಿತ್ರದಲ್ಲಿ ನಟ ಮಿಶೆಲ್ ಸೆರೊ ಪೆತಿಯೊನ ಪಾತ್ರ ವಹಿಸಿದರು. ಇಂಥ ಕೃತಿಗಳಲ್ಲಿ ಕೊಲೆಗಾರನ ವಿಲಕ್ಷಣ ವ್ಯಕ್ತಿತ್ವವೇ ಮುನ್ನೆಲೆಗೆ ಬರುವುದು ಸಹಜ. ಆತ ಹುಚ್ಚನೋ ಧೂರ್ತನೋ ಎಂಬ ಚರ್ಚೆಗೆ ಕೊನೆಯಿಲ್ಲ. ಆದರೆ ಆತನ ಅಪರಾಧ ಸಾಧ್ಯವಾದದ್ದು ಅಂದಿನ ಕಾನೂನು ವ್ಯವಸ್ಥೆಯಿಂದ ಎಂಬುದನ್ನು ಮರೆಯುವಂತಿಲ್ಲ. ಒಂದು ಸಮುದಾಯದ ಜನರನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಾಗ, ಅವರು ಆಳುವವರ ಕೈಗೆ ಮಾತ್ರವಲ್ಲ, ಆ ಅಸಹಾಯಕತೆಯನ್ನು ಗುರುತಿಸಬಲ್ಲ ಯಾವನೇ ದುಷ್ಟನ ಕೈಗೂ ಸಿಗುತ್ತಾರೆ. ಪೊಲೀಸರಿಗೆ ಹೆದರಿದವರು ಪೊಲೀಸರಿಗೆ ದೂರು ಕೊಡಲಾರರು.

1945ರಲ್ಲಿ ಶಿಬಿರಗಳಿಂದ ಬದುಕುಳಿದವರು ಪ್ಯಾರಿಸ್‌ಗೆ ಮರಳತೊಡಗಿದಾಗ, ಸಾವಿರಾರು ಮನೆಗಳಲ್ಲಿ ಕಾಣೆಯಾದವರಿಗಾಗಿ ಕಾಯುವಿಕೆ ನಡೆದಿತ್ತು. ಕೆಲವು ಮನೆಗಳವರು ಮಾತ್ರ ತಮ್ಮವರು ಸೆರೆ ಸಿಕ್ಕವರಲ್ಲ, ಪಾರಾದವರು ಎಂದು ಮೂರು ವರ್ಷ ಸಮಾಧಾನಪಟ್ಟುಕೊಂಡಿದ್ದರು. ಆ ಸಮಾಧಾನಕ್ಕೆ ಆಧಾರವಾಗಿದ್ದದ್ದು ಒಬ್ಬ ವೈದ್ಯನ ಮಾತು ಮತ್ತು ಕೆಲವು ಕಾರ್ಡುಗಳು. ಅವು ಸುಳ್ಳೆಂದು ಅಧಿಕೃತವಾಗಿ ದಾಖಲಿಸಿದ್ದೇ 1946ರ ತೀರ್ಪಿನಿಂದ ಆ ಕುಟುಂಬಗಳಿಗೆ ದೊರೆತ ನ್ಯಾಯ.